ಸ್ವಂತ ಸಂತೋಷಕ್ಕೆ ವಿಮಾನ ಹಾರಿಸುವ ಪರವಾನಗಿ: ಓದುಗರ ಪ್ರಶ್ನೆಗಳು, ಉತ್ತರಗಳು

ಬಾಡಿಗೆಗಲ್ಲದೆ, ಸಂಬಳಕ್ಕಲ್ಲದೆ, ತಮ್ಮ ಆಸೆಗಾಗಿ ಸಣ್ಣ ವಿಮಾನ ಹಾರಿಸಬಯಸುವವರು ಪಡೆಯಬೇಕಾದ ಖಾಸಗಿ ಪೈಲಟ್ ಪರವಾನಗಿಯ ಬಗ್ಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಹಲವು ವರ್ಷ ಹಾರಾಟದ ಬೋಧಕನಾಗಿ ವಿದ್ಯಾರ್ಥಿಗಳ ಪಕ್ಕದ ಆಸನದಲ್ಲಿ ಕುಳಿತು ಕಂಡದ್ದನ್ನು ಆಧರಿಸಿ ಬರೆದ ಉತ್ತರಗಳಿವು. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೀಗ 46 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಉದ್ಯೋಗ. ಓದಿದ್ದು ವಾಣಿಜ್ಯ, ಪಿಯುಸಿಯಲ್ಲಿ ಭೌತಶಾಸ್ತ್ರವಾಗಲಿ ಗಣಿತವಾಗಲಿ ಇರಲಿಲ್ಲ. ಕನ್ನಡಕ ಹಾಕುತ್ತೇನೆ, ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ನನ್ನಂಥವರಿಗೆ ಈ ಪರವಾನಗಿ ಸಿಗುವುದುಂಟೇ? ಮೊದಲು ಯಾರನ್ನು ಕಾಣಬೇಕು?
— ದಾವಣಗೆರೆಯ ಓದುಗರು

ಉತ್ತರ: ಸಿಗುವುದುಂಟು. ಭೌತಶಾಸ್ತ್ರ ಮತ್ತು ಗಣಿತದ ನಿಬಂಧನೆಯನ್ನು ನೀವು ಕೇಳಿದ್ದು ವಾಣಿಜ್ಯ ಪೈಲಟ್ ಪರವಾನಗಿಗೆ, ಅಂದರೆ ವಿಮಾನ ಹಾರಿಸುವುದನ್ನೇ ವೃತ್ತಿಯಾಗಿಸಿಕೊಳ್ಳುವವರಿಗೆ ಸಂಬಂಧಿಸಿದಂತೆ. ಖಾಸಗಿ ಪರವಾನಗಿಗೆ ಹತ್ತನೆಯ ತರಗತಿ ಉತ್ತೀರ್ಣರಾಗಿದ್ದರೆ ಸಾಕು, 17 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸೆಂಬುದಿಲ್ಲ, ದೇಹ ಒಪ್ಪುವವರೆಗೂ ಹಾರಬಹುದು.

ಆದ್ದರಿಂದ ನೀವು ಮೊದಲು ಕಾಣಬೇಕಾದದ್ದು ವೈದ್ಯರನ್ನು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ, ಪೈಲಟ್‌ಗಳ ತಪಾಸಣೆಗೆಂದೇ ಕೆಲವು ವೈದ್ಯರಿಗೆ ಮಾನ್ಯತೆ ನೀಡಿದೆ. ಅವರಲ್ಲೊಬ್ಬರ ಬಳಿ ಎರಡನೆಯ ದರ್ಜೆಯ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಿ. ಕಣ್ಣು, ಕಿವಿ, ಬಣ್ಣ ಗುರುತಿಸುವ ಶಕ್ತಿ, ರಕ್ತ, ಮೂತ್ರ, ಇಸಿಜಿ ಇವುಗಳನ್ನು ನೋಡುತ್ತಾರೆ. ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ಅದು ಅಡ್ಡಿಯಲ್ಲ. ಹಾರುವಾಗ ಇನ್ನೊಂದು ಜೊತೆ ಕನ್ನಡಕವನ್ನು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು, ಅಷ್ಟೆ. ರಕ್ತದೊತ್ತಡದ ವಿಷಯದಲ್ಲಿ ಯಾವ ಮಾತ್ರೆ, ಎಷ್ಟು ಕಾಲದಿಂದ, ಒತ್ತಡ ಹತೋಟಿಯಲ್ಲಿದೆಯೇ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ಹತೋಟಿಯಲ್ಲಿರುವ ರಕ್ತದೊತ್ತಡದೊಂದಿಗೆ ಹಾರುವವರು ಬೇಕಾದಷ್ಟು ಜನರಿದ್ದಾರೆ. ನಾನು ಕೈಮುಗಿದು ಕೇಳುವುದೊಂದೇ: ಮಾತ್ರೆಯ ವಿಷಯವನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟ ಕಾಯಿಲೆ ನೆಲದ ಮೇಲೆ ಬಯಲಾದರೆ ಪರವಾನಗಿ ಹೋಗುತ್ತದೆ, ಆಕಾಶದಲ್ಲಿ ಬಯಲಾದರೆ ಏನು ಹೋಗುತ್ತದೆಂದು ಹೇಳಬೇಕಾಗಿಲ್ಲ.

ತಪಾಸಣೆಯ ಫಲಿತಾಂಶ ಬರುವ ತನಕ ಯಾವ ತರಬೇತಿ ಸಂಸ್ಥೆಗೂ ಒಂದು ರೂಪಾಯಿ ಕಟ್ಟಬೇಡಿ. ಆಮೇಲೆ ವಿದ್ಯಾರ್ಥಿ ಪೈಲಟ್ ಪರವಾನಗಿ. ಇದಕ್ಕೆ 16 ವರ್ಷ ಸಾಕು. ತರಬೇತಿ ಸಂಸ್ಥೆಯಲ್ಲೇ ವಾಯುಯಾನ ನಿಯಮ, ಹವಾಮಾನ, ದಿಕ್ಕು–ದಾರಿಯ ಲೆಕ್ಕ, ವಿಮಾನ ಮತ್ತು ಎಂಜಿನ್ನಿನ ಬಗ್ಗೆ ಪರೀಕ್ಷೆ ತೆಗೆದುಕೊಳ್ಳುತ್ತಾರೆ. ಇದು ಕೈಗೆ ಬಂದ ಮೇಲೆಯೇ ನೀವು ಒಬ್ಬರೇ ಹಾರಲು ಅರ್ಹರಾಗುವುದು. ಖಾಸಗಿ ಪರವಾನಗಿಯ ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಲಾಗ್‌ಬುಕ್‌ನಲ್ಲಿ ಕನಿಷ್ಠ 40 ಗಂಟೆಗಳ ಹಾರಾಟ ದಾಖಲಾಗಿರಬೇಕು. ಅದರಲ್ಲಿ 20 ಗಂಟೆ ಬೋಧಕರಿಲ್ಲದೆ ಒಬ್ಬರೇ ಹಾರಿದ್ದಾಗಿರಬೇಕು. ಆ ಇಪ್ಪತ್ತರಲ್ಲಿ 5 ಗಂಟೆ ಊರಿಂದೂರಿಗೆ ಹಾರಿದ್ದಾಗಿರಬೇಕು. ಆ ಐದರಲ್ಲಿಯೂ ಒಂದು ಪ್ರಯಾಣ 150 ನಾಟಿಕಲ್ ಮೈಲಿಗೆ, ಎಂದರೆ ಸುಮಾರು 278 ಕಿಲೋಮೀಟರಿಗೆ ಕಡಿಮೆಯಿಲ್ಲದ್ದಾಗಿದ್ದು, ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಿಸಿರಬೇಕು. ಇದರೊಂದಿಗೆ ಡಿಜಿಸಿಎ ನಡೆಸುವ ಲಿಖಿತ ಪರೀಕ್ಷೆ, ರೇಡಿಯೊ ಬಳಸುವ ಪರವಾನಗಿ, ಕೊನೆಗೆ ಪರೀಕ್ಷಕರು ಪಕ್ಕದಲ್ಲಿ ಕುಳಿತು ನೋಡುವ ಹಾರಾಟದ ಪರೀಕ್ಷೆ.

ಉದ್ಯೋಗದಲ್ಲಿರುವವರಿಗೆ ನಿಜವಾದ ಅಡ್ಡಿ ವಯಸ್ಸಲ್ಲ, ಬಿಡುವು. ತಿಂಗಳಿಗೊಂದು ಭಾನುವಾರ ಬಂದು ಒಂದು ಗಂಟೆ ಹಾರುವವರು ಪ್ರತಿ ಸಲವೂ ಕಳೆದ ಪಾಠವನ್ನೇ ಮತ್ತೆ ಕಲಿಯುತ್ತಾರೆ. ಎರಡು–ಮೂರು ತಿಂಗಳ ರಜೆಯನ್ನು ಒಟ್ಟುಗೂಡಿಸಿಕೊಂಡು ಒಂದೇ ಬೀಸಿಗೆ ಕಲಿತವರು ಕಡಿಮೆ ಗಂಟೆಗಳಲ್ಲಿ, ಕಡಿಮೆ ಖರ್ಚಿನಲ್ಲಿ ಮುಗಿಸಿದ್ದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಪ್ರಶ್ನೆ: ಒಟ್ಟು ಖರ್ಚೆಷ್ಟು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಹುಬ್ಬಳ್ಳಿಯ ಓದುಗರು

ಉತ್ತರ: ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣವಿದೆ. ಎಲ್ಲರೂ ಗಂಟೆಯ ದರವನ್ನು 40ರಿಂದ ಗುಣಿಸಿ ಹೇಳುತ್ತಾರೆ, ಆದರೆ 40 ಎಂಬುದು ಕಾನೂನು ಕೇಳುವ ಕನಿಷ್ಠ. ಸಾಮಾನ್ಯ ವಿದ್ಯಾರ್ಥಿಗೆ 50ರಿಂದ 60 ಗಂಟೆ ಹಿಡಿಯುತ್ತದೆ. ಈಗ ನಮ್ಮ ದೇಶದಲ್ಲಿ ಸಣ್ಣ ತರಬೇತಿ ವಿಮಾನದ ಗಂಟೆಯ ದರ ಸ್ಥೂಲವಾಗಿ ಹನ್ನೆರಡು ಸಾವಿರದಿಂದ ಹದಿನೆಂಟು ಸಾವಿರ ರೂಪಾಯಿಯ ನಡುವೆ ಇರುತ್ತದೆಂದು ಹಿಡಿದರೆ, ಹಾರಾಟಕ್ಕೇ ಆರರಿಂದ ಸುಮಾರು ಹನ್ನೊಂದು ಲಕ್ಷದವರೆಗೆ ಎತ್ತಿಡಬೇಕಾಗುತ್ತದೆ. ವೈದ್ಯಕೀಯ ತಪಾಸಣೆ, ಪುಸ್ತಕ, ಹೆಡ್‌ಸೆಟ್, ಪರೀಕ್ಷಾ ಶುಲ್ಕ, ಊಟ–ವಸತಿ ಇವೆಲ್ಲ ಅದರ ಹೊರಗೆ.

ಈ ದರದ ದೊಡ್ಡ ಪಾಲು ಇಂಧನಕ್ಕೆ ಸೇರಿದ್ದು. ಸೆಸ್ನಾ 152ರಂತಹ ಎರಡು ಆಸನದ ವಿಮಾನ ಗಂಟೆಗೆ 22–24 ಲೀಟರ್ ಏವಿಯೇಷನ್ ಗ್ಯಾಸೊಲಿನ್ ಕುಡಿಯುತ್ತದೆ. ಪ್ರಯಾಣಿಕರ ವಿಮಾನಗಳು ಬಳಸುವ ಸೀಮೆಎಣ್ಣೆಯ ಜಾತಿಯ ಇಂಧನವೇ ಬೇರೆ, ಇದೇ ಬೇರೆ. ದೇಶಕ್ಕೆ ಬೇಕಾದ ಈ ಗ್ಯಾಸೊಲಿನ್ ಬಹಳ ಕಾಲ ಹೊರದೇಶದಿಂದಲೇ ಬರುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ವಡೋದರದಲ್ಲಿ ತಯಾರಿಸಿದ್ದನ್ನು ಮಾರುಕಟ್ಟೆಗೆ ತಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ.

ನಿಮಗೆ ದರಕ್ಕಿಂತ ಮುಖ್ಯವಾದದ್ದೊಂದನ್ನು ಹೇಳುತ್ತೇನೆ. ನನಗೆ ಪರಿಚಯವಿದ್ದ ಒಂದು ತರಬೇತಿ ಸಂಸ್ಥೆ ವಿದ್ಯಾರ್ಥಿಗಳಿಂದ ಇಡೀ ಶುಲ್ಕವನ್ನು ಮೊದಲೇ ಕಟ್ಟಿಸಿಕೊಂಡಿತು. ಮೂರು ವಿಮಾನಗಳಲ್ಲಿ ಎರಡು ಬಿಡಿಭಾಗಕ್ಕಾಗಿ ಕಾಯುತ್ತ ಹ್ಯಾಂಗರಿನೊಳಗೆ ನಿಂತಿದ್ದವು. ಉಳಿದ ಒಂದಕ್ಕೆ ಮೂವತ್ತಕ್ಕಿಂತ ಹೆಚ್ಚು ಮಂದಿ ಸರದಿಯಲ್ಲಿದ್ದರು. ಸಾಲ ಮಾಡಿ ಮಗನನ್ನು ಕಳಿಸಿದ್ದ ರೈತರೊಬ್ಬರು, ಏಳು ತಿಂಗಳಲ್ಲಿ ಒಂಬತ್ತು ಗಂಟೆ ಬರೆದಿದ್ದ ಆತನ ಲಾಗ್‌ಬುಕ್ ಹಿಡಿದು ನನ್ನೆದುರು ಕೂತ ದಿನ ನನಗೆ ಮರೆತಿಲ್ಲ. ಆದ್ದರಿಂದ ಸಂಸ್ಥೆ ಆರಿಸುವ ಮುನ್ನ ಬೆಳಗ್ಗೆ ಆರು ಗಂಟೆಗೆ ಖುದ್ದಾಗಿ ಹೋಗಿ ಅಲ್ಲಿ ಎಷ್ಟು ವಿಮಾನ ಆ ದಿನ ನಿಜವಾಗಿ ಹಾರುತ್ತಿವೆ ಎಂದು ಎಣಿಸಿ. ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು, ಬೋಧಕರೆಷ್ಟು, ಹೇಳಿದ ದರದಲ್ಲಿ ಇಂಧನವೂ ತೆರಿಗೆಯೂ ಇಳಿಯುವ ಶುಲ್ಕವೂ ಸೇರಿವೆಯೇ, ಅರ್ಧಕ್ಕೆ ಬಿಟ್ಟರೆ ಉಳಿದ ಹಣ ಎಷ್ಟು ದಿನದಲ್ಲಿ ಹಿಂದಿರುಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಹತ್ತು ಗಂಟೆಗೊಮ್ಮೆ ಕಟ್ಟುವ ವ್ಯವಸ್ಥೆಗೆ ಒಪ್ಪದ ಕಡೆ ನಿಮ್ಮ ಹಣವನ್ನು ತೊಡಗಿಸಬೇಡಿ.

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಹಳ್ಳಿಯವನು, ವಯಸ್ಸು 17. ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಈಗ ಪಿಯುಸಿ ವಿಜ್ಞಾನ. ಮುಂದೆ ವಿಮಾನ ಸಂಸ್ಥೆಯಲ್ಲಿ ಪೈಲಟ್ ಆಗಬೇಕೆಂಬ ಆಸೆ. ಮೊದಲು ಖಾಸಗಿ ಪರವಾನಗಿ ಪಡೆಯಬೇಕೇ? ನನ್ನ ಇಂಗ್ಲಿಷಿನಿಂದ ಇದು ಸಾಧ್ಯವೇ?
— ರಾಯಚೂರು ಜಿಲ್ಲೆಯ ವಿದ್ಯಾರ್ಥಿ

ಉತ್ತರ: ತಮ್ಮಾ, ಕಡ್ಡಾಯವಿಲ್ಲ. ವಿದ್ಯಾರ್ಥಿ ಪರವಾನಗಿಯಿಂದ ನೇರವಾಗಿ ವಾಣಿಜ್ಯ ಪರವಾನಗಿಯ 200 ಗಂಟೆಗಳ ಕಡೆಗೆ ಸಾಗಬಹುದು. ಖಾಸಗಿ ಪರವಾನಗಿಗಾಗಿ ಹಾರಿದ ಗಂಟೆಗಳೂ ಆ ಇನ್ನೂರಕ್ಕೆ ಸೇರುತ್ತವೆ. ಆದರೆ ವೃತ್ತಿಯ ಆಸೆಯಿದ್ದರೆ ನೀನು ಮಾಡಿಸಬೇಕಾದದ್ದು ಒಂದನೆಯ ದರ್ಜೆಯ ವೈದ್ಯಕೀಯ ತಪಾಸಣೆ. ಅದರಲ್ಲಿ ತೇರ್ಗಡೆಯಾಗುವೆಯೋ ಇಲ್ಲವೋ ಎಂದು ಮೊದಲೇ ತಿಳಿದರೆ ಮನೆಯವರ ದುಡ್ಡು ಉಳಿಯುತ್ತದೆ.

ಇನ್ನು ಇಂಗ್ಲಿಷ್. ಇಲ್ಲಿ ಎರಡು ಬೇರೆ ಬೇರೆ ಇಂಗ್ಲಿಷುಗಳಿವೆ ಎಂದು ತಿಳಿ. ಒಂದು ಪುಸ್ತಕದ್ದು. ಪಠ್ಯವೆಲ್ಲ ಇಂಗ್ಲಿಷಿನಲ್ಲಿರುತ್ತದೆ, ಡಿಜಿಸಿಎ ಪರೀಕ್ಷೆಗಳಲ್ಲಿ ನೂರಕ್ಕೆ 70 ಬಂದರೆ ತೇರ್ಗಡೆ. ಇಲ್ಲಿ ಕೈಕೊಡುವುದು ಭಾಷೆಗಿಂತ ಹೆಚ್ಚಾಗಿ ಬಾಯಿಪಾಠದ ಅಭ್ಯಾಸ. ಹವಾಮಾನದ ಪಾಠವನ್ನೇ ತೆಗೆದುಕೊ. ಗಾಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆಗೂ) ಇರುವ ಅಂತರ ಒಂದು ಡಿಗ್ರಿಗೆ ಸುಮಾರು 400 ಅಡಿಯಂತೆ ಮೋಡದ ತಳ ಮೇಲಿರುತ್ತದೆ ಎಂಬ ಸೂತ್ರವನ್ನು ಎಲ್ಲರೂ ಉರು ಹೊಡೆಯುತ್ತಾರೆ. ಅಂತರ ಐದು ಡಿಗ್ರಿಯಿದ್ದರೆ ತಳ ಸುಮಾರು 2000 ಅಡಿಯಲ್ಲಿ. ಅಂತರ ಸೊನ್ನೆಗೆ ಬಂದರೆ ಮೋಡ ನೆಲಕ್ಕೇ ಇಳಿಯಿತು, ಅದೇ ಮಂಜು. ನಿಮ್ಮ ಹೊಲದ ಬದುವಿನ ಮೇಲೆ ಚಳಿಗಾಲದ ಬೆಳಗ್ಗೆ ನಿಂತು ಮಂಜು ಯಾವಾಗ ಕವಿಯಿತು, ಬಿಸಿಲೇರಿದಾಗ ಹೇಗೆ ಹರಿಯಿತು ಎಂದು ನೋಡಿ ಬೆಳೆದವನಿಗೆ ಈ ಪಾಠ ಪಟ್ಟಣದ ಹುಡುಗರಿಗಿಂತ ಬೇಗ ಹತ್ತುತ್ತದೆ. ಏಪ್ರಿಲ್–ಮೇನಲ್ಲಿ ಮಧ್ಯಾಹ್ನಕ್ಕೆ ಹತ್ತಿಯ ಮುದ್ದೆಯಂತೆ ಎದ್ದ ಮೋಡ ಸಂಜೆಗೆ ಗುಡುಗಿನ ಮೋಡವಾಗುವುದನ್ನು ನೀನು ಕಣ್ಣಾರೆ ಕಂಡಿದ್ದೀಯೆ. ಪುಸ್ತಕ ಅದಕ್ಕೆ ಹೆಸರು ಕೊಡುತ್ತದೆ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊ, ಆಮೇಲೆ ಇಂಗ್ಲಿಷಿನ ಪದಗಳನ್ನು ಅದರ ಮೇಲೆ ಕೂರಿಸು.

ಇನ್ನೊಂದು ರೇಡಿಯೊದ ಇಂಗ್ಲಿಷ್. ಅಂತರರಾಷ್ಟ್ರೀಯ ಮಾನದಂಡದಲ್ಲಿ ಆರು ಹಂತಗಳಿದ್ದು, ನಾಲ್ಕನೆಯ ಹಂತ ಮುಟ್ಟಬೇಕು. ಈ ಮಾತು ಗಿಡ್ಡ, ಗೊತ್ತಾದ ಅಚ್ಚಿನದು. ‘ರನ್‌ವೇ ಝೀರೊ ನೈನರ್, ಕ್ಲಿಯರ್ಡ್ ಫಾರ್ ಟೇಕಾಫ್’ ಎಂದು ನಿಯಂತ್ರಕರು ಅಂದರೆ, ಅದನ್ನೇ ನಿನ್ನ ವಿಮಾನದ ಗುರುತಿನೊಂದಿಗೆ ತಿರುಗಿ ಹೇಳಬೇಕು. ಒಂಬತ್ತು ಮತ್ತು ಐದು ಗರಗರ ಸದ್ದಿನಲ್ಲಿ ಒಂದೇ ರೀತಿ ಕೇಳಿಸುವುದರಿಂದ ಒಂಬತ್ತನ್ನು ‘ನೈನರ್’ ಎನ್ನುತ್ತಾರೆ. ‘ಝೀರೊ ನೈನರ್’ ಎಂದರೆ 90 ಡಿಗ್ರಿ, ಪೂರ್ವಕ್ಕೆ ಮುಖಮಾಡಿದ ರನ್‌ವೇ. ಉಚ್ಚಾರ ನಿನ್ನೂರಿನದಾಗಿರಲಿ, ಅದರಿಂದ ತೊಂದರೆಯಿಲ್ಲ. ಕೇಳಿಸದಿದ್ದಾಗ ನಾಚಿಕೆಪಟ್ಟು ‘ಸರಿ’ ಅಂದುಬಿಡುವುದು ಮಾತ್ರ ಅಪಾಯ. ‘ಸೇ ಅಗೇನ್’ ಎಂದು ಹತ್ತು ಸಲ ಕೇಳುವ ವಿದ್ಯಾರ್ಥಿಯನ್ನು ನಾನು ಹತ್ತು ಸಲವೂ ಮೆಚ್ಚಿದ್ದೇನೆ. ರೇಡಿಯೊ ಬಳಸುವ ಪರವಾನಗಿಯನ್ನು ಹಿಂದೆ ದೂರಸಂಪರ್ಕ ಇಲಾಖೆ ನೀಡುತ್ತಿತ್ತು. 2025ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ಅದನ್ನೂ ಡಿಜಿಸಿಎಗೆ ಒಪ್ಪಿಸಿದೆ.

ನಿನ್ನ ಕಾಲೇಜಿನ ಹತ್ತಿರ ಎನ್‌ಸಿಸಿಯ ವಾಯುದಳ ವಿಭಾಗವಿದ್ದರೆ ಸೇರು; ಅಲ್ಲಿನ ಕೆಡೆಟ್‌ಗಳಿಗೆ ಮೈಕ್ರೊಲೈಟ್ ಎಂಬ ತೀರ ಹಗುರ ವಿಮಾನದಲ್ಲಿ ಹಾರುವ ಅವಕಾಶ ಸಿಗುತ್ತದೆ. ನಿನಗೆ ಸಮೀಪದ ತರಬೇತಿ ಕೇಂದ್ರ ಕಲಬುರಗಿಯ ವಿಮಾನ ನಿಲ್ದಾಣದಲ್ಲಿದೆ. ಒಂದು ದಿನ ಹೋಗಿ ನೋಡಿ ಬಾ.

ಪ್ರಶ್ನೆ: ನಾವು ನಾಲ್ವರು ಗೆಳೆಯರು, ಎಲ್ಲರೂ ಬೆಂಗಳೂರಿನವರು. ನಮ್ಮಲ್ಲೊಬ್ಬನಿಗೆ ಪರವಾನಗಿ ಬಂದರೆ ನಾಲ್ಕು ಆಸನದ ವಿಮಾನ ಬಾಡಿಗೆಗೆ ಪಡೆದು ವಾರಾಂತ್ಯದಲ್ಲಿ ಮೈಸೂರಿಗೆ ಹೋಗಿಬರಬಹುದೇ?
— ಬೆಂಗಳೂರಿನ ಓದುಗರು

ಉತ್ತರ: ಕಾನೂನು ತಡೆಯುವುದಿಲ್ಲ. ಖಾಸಗಿ ಪರವಾನಗಿ ಇದ್ದವರು ಜೊತೆಗೆ ಜನರನ್ನು ಕರೆದೊಯ್ಯಬಹುದು, ಸಂಭಾವನೆ ಪಡೆಯುವಂತಿಲ್ಲ. ರಾತ್ರಿ ಹಾರುವುದಕ್ಕೂ ಮೋಡದೊಳಗೆ ಉಪಕರಣ ನೋಡಿ ಹಾರುವುದಕ್ಕೂ ಪ್ರತ್ಯೇಕ ಅರ್ಹತೆ ಬೇಕು; ಅವಿಲ್ಲದಿದ್ದರೆ ಹಗಲು, ಕಣ್ಣಿಗೆ ನೆಲ ಕಾಣುವ ಹವೆಯಲ್ಲಿ, ಸಾಮಾನ್ಯವಾಗಿ 5 ಕಿಲೋಮೀಟರ್ ದೂರದವರೆಗೆ ದೃಷ್ಟಿ ಹರಿಯುವಾಗ ಮಾತ್ರ.

ಆದರೆ ಸ್ಕೂಟರ್ ತೆಗೆದುಕೊಂಡು ಹೊರಟಂತಲ್ಲ. ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗಲು ಹಾರಾಟದ ಯೋಜನೆ ಸಲ್ಲಿಸಿ, ವಾಯು ರಕ್ಷಣಾ ಅನುಮತಿಯ ಸಂಖ್ಯೆಯನ್ನೂ ಹಾರಾಟ ಮಾಹಿತಿ ಕೇಂದ್ರದ ಸಂಖ್ಯೆಯನ್ನೂ ಪಡೆಯಬೇಕು. ಬೆಂಗಳೂರಿನಲ್ಲಿ ಸಣ್ಣ ವಿಮಾನಗಳ ನಿಲ್ದಾಣವಾದ ಜಕ್ಕೂರಿನ ಒಂದು ಪಕ್ಕ ಯಲಹಂಕದ ವಾಯುಪಡೆಯ ನೆಲೆ, ಉತ್ತರಕ್ಕೆ ಕೆಂಪೇಗೌಡ ನಿಲ್ದಾಣದ ಎಡೆಬಿಡದ ಸಂಚಾರ. ನಿಮಗೆ ಹೇಳಿದ ಎತ್ತರ, ಹೇಳಿದ ದಿಕ್ಕು ಬಿಟ್ಟು ಕದಲುವಂತಿಲ್ಲ. ಬಾಡಿಗೆಗೆ ವಿಮಾನ ಸಿಗುವುದೂ ನಮ್ಮಲ್ಲಿ ವಿರಳ, ತರಬೇತಿ ಪಡೆದ ಸಂಸ್ಥೆಯೇ ಕೊಟ್ಟರೆ ಉಂಟು.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ನಾಲ್ಕು ಆಸನ, ನಾಲ್ವರು’ ಎಂಬ ಲೆಕ್ಕ. ಸೆಸ್ನಾ 172 ವಿಮಾನದ ಒಂದು ಮಾದರಿಯನ್ನು ನೋಡೋಣ. ನೆಲ ಬಿಡುವಾಗ ಅದರ ಒಟ್ಟು ತೂಕ 1157 ಕಿಲೋ ಮೀರಬಾರದು. ಖಾಲಿ ವಿಮಾನವೇ ಸುಮಾರು 770 ಕಿಲೋ. ತಲಾ 75 ಕಿಲೋದಂತೆ ನಾಲ್ವರು 300 ಕಿಲೋ. ಟ್ಯಾಂಕ್ ತುಂಬಿಸಿದರೆ ಬಳಕೆಗೆ ಸಿಗುವ 200 ಲೀಟರ್ ಇಂಧನದ ತೂಕ 144 ಕಿಲೋ. ಕೂಡಿಸಿದರೆ 1214. ಅಂದರೆ ಒಂದು ಚೀಲವನ್ನೂ ಇಡದೆಯೇ 57 ಕಿಲೋ ಹೆಚ್ಚಾಯಿತು. ಇಂಧನ ಕಡಿಮೆ ಮಾಡಬೇಕು, ಇಲ್ಲವೇ ಒಬ್ಬರನ್ನು ಇಳಿಸಬೇಕು.

ಇಷ್ಟಕ್ಕೇ ಮುಗಿಯುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಲೆಕ್ಕಕ್ಕೆಂದು ಒಪ್ಪಿಕೊಂಡಿರುವ ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣತೆ 15 ಡಿಗ್ರಿ, ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿಯಂತೆ ಇಳಿಯುತ್ತ ನಮ್ಮ ಎತ್ತರದಲ್ಲಿ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ 26 ಡಿಗ್ರಿ ಹೆಚ್ಚಾಯಿತು. ಹೆಚ್ಚಾದ ಪ್ರತಿ ಡಿಗ್ರಿಗೆ 120 ಅಡಿಯಂತೆ ಕೂಡಿಸಿದರೆ, ನೀವು ಜಕ್ಕೂರಿನ ನೆಲದ ಮೇಲೆ ನಿಂತಿದ್ದರೂ ನಿಮ್ಮ ರೆಕ್ಕೆಗೂ ಎಂಜಿನ್ನಿಗೂ ಸಿಗುವ ಗಾಳಿ 6100 ಅಡಿ ಎತ್ತರದ್ದು. ತೆಳುವಾದ ಆ ಗಾಳಿಯಲ್ಲಿ ಎಂಜಿನ್ನಿನ ಶಕ್ತಿ ಕುಗ್ಗುತ್ತದೆ, ರೆಕ್ಕೆ ಎತ್ತಲು ಹೆಚ್ಚು ವೇಗ ಬೇಕು, ಆ ವೇಗಕ್ಕೆ ಹೆಚ್ಚು ರನ್‌ವೇ ಬೇಕು, ನೆಲ ಬಿಟ್ಟ ಮೇಲೂ ಏರುವುದು ನಿಧಾನ. ಬೆಳಗ್ಗೆ ಆರೂವರೆಗೆ ಇಬ್ಬರನ್ನು ಹೊತ್ತು ಸಲೀಸಾಗಿ ಎದ್ದ ವಿಮಾನವೇ ಮಧ್ಯಾಹ್ನ ಎರಡಕ್ಕೆ ಮೂವರನ್ನು ಹೊತ್ತು ರನ್‌ವೇಯ ಕೊನೆಯತ್ತ ಒಲ್ಲದ ಮನಸ್ಸಿನಿಂದ ಎದ್ದದ್ದನ್ನು ಒಮ್ಮೆ ಕಂಡವರು ಈ ಲೆಕ್ಕವನ್ನು ಎಂದೂ ಬಿಡುವುದಿಲ್ಲ. ಪರೀಕ್ಷೆಗಾಗಿ ಕಲಿಯುವ ಲೆಕ್ಕಗಳಲ್ಲಿ ಜೀವ ಉಳಿಸುವಂಥದ್ದು ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ನಿಮ್ಮ ಮೈಸೂರು ಪ್ರಯಾಣಕ್ಕೆ ಇಬ್ಬರು ಅಥವಾ ಮೂವರು, ಬೆಳಗಿನ ತಂಪಿನಲ್ಲಿ ಹೊರಡಿ. ಉಳಿದವರು ರೈಲಿನಲ್ಲಿ ಬರಲಿ.

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸಿನಲ್ಲಿ ಎಚ್–1ಬಿ ವೀಸಾದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿಯೇ ಪರವಾನಗಿ ಪಡೆದರೆ ಊರಿಗೆ ಮರಳಿದ ಮೇಲೆ ಉಪಯೋಗಕ್ಕೆ ಬರುತ್ತದೆಯೇ?
— ಡಲ್ಲಾಸಿನ ಓದುಗರು

ಉತ್ತರ: ಅಲ್ಲಿ ಕಲಿಯುವುದು ಒಳ್ಳೆಯ ನಿರ್ಧಾರ. ಸಣ್ಣ ನಿಲ್ದಾಣಗಳೂ ಬಾಡಿಗೆ ವಿಮಾನಗಳೂ ಅಲ್ಲಿರುವಷ್ಟು ಬೇರೆಲ್ಲೂ ಇಲ್ಲ. ನೀವು ಅಲ್ಲಿನ ನಾಗರಿಕರಲ್ಲದ ಕಾರಣ ತರಬೇತಿಗೆ ಮೊದಲು ಸಾರಿಗೆ ಭದ್ರತಾ ಆಡಳಿತದ ಅನುಮತಿ ಪಡೆಯಬೇಕು. ಇದನ್ನು ಬಿಟ್ಟು ಯಾವ ಶಾಲೆಯೂ ನಿಮ್ಮನ್ನು ವಿಮಾನಕ್ಕೆ ಹತ್ತಿಸುವಂತಿಲ್ಲ.

ಅಲ್ಲಿಯೂ ಸಾಮಾನ್ಯ ಮಾರ್ಗದಲ್ಲಿ ಕನಿಷ್ಠ 40 ಗಂಟೆ. ಅದರಲ್ಲಿ 20 ಬೋಧಕರೊಂದಿಗೆ, 10 ಒಬ್ಬರೇ. ರಾತ್ರಿಯ ಹಾರಾಟ 3 ಗಂಟೆ, ಉಪಕರಣಗಳನ್ನಷ್ಟೇ ನೋಡಿ ಹಾರುವ ಅಭ್ಯಾಸ 3 ಗಂಟೆ ಅದರೊಳಗೇ ಬರುತ್ತವೆ. ಲಿಖಿತ ಪರೀಕ್ಷೆಯಲ್ಲಿ 60 ಪ್ರಶ್ನೆಗಳು, ಅಲ್ಲೂ ನೂರಕ್ಕೆ 70. ಕೊನೆಯ ಪರೀಕ್ಷೆಯಲ್ಲಿ ಪರೀಕ್ಷಕರು ಮೊದಲು ಮೇಜಿನೆದುರು ಕೂರಿಸಿ ಗಂಟೆಗಟ್ಟಲೆ ಪ್ರಶ್ನಿಸುತ್ತಾರೆ, ಆಮೇಲೆ ಹಾರಿಸುತ್ತಾರೆ.

ಊರಿಗೆ ಬಂದ ಮೇಲೆ ಅದನ್ನು ಭಾರತೀಯ ಪರವಾನಗಿಯಾಗಿ ಮಾರ್ಪಡಿಸಿಕೊಳ್ಳಬೇಕು. ಅದಕ್ಕೆ ಇಲ್ಲಿನ ವಾಯುಯಾನ ನಿಯಮಗಳ ಪರೀಕ್ಷೆಯೂ ಇಲ್ಲಿನ ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಇಲ್ಲಿ ಹಲವರು ಎಡವುವ ಕಲ್ಲೊಂದಿದೆ. ಅಲ್ಲಿ ಒಬ್ಬರೇ ಹಾರಬೇಕಾದದ್ದು 10 ಗಂಟೆ, ಇಲ್ಲಿನ ನಿಯಮ ಕೇಳುವುದು 20. ಆದ್ದರಿಂದ ಮರಳುವ ಯೋಚನೆಯಿದ್ದರೆ ಪರವಾನಗಿ ಬಂದ ಮೇಲೂ ಕೆಲವು ದಿನ ಯಾರನ್ನೂ ಕೂರಿಸಿಕೊಳ್ಳದೆ ಒಬ್ಬರೇ ಹಾರಿ, ಆ ಗಂಟೆಗಳನ್ನು ಲಾಗ್‌ಬುಕ್‌ನಲ್ಲಿ ಪ್ರತ್ಯೇಕ ಕಾಲಮಿನಲ್ಲಿ ಬರೆದು, ಶಾಲೆಯ ಸಹಿ ಹಾಕಿಸಿಕೊಂಡು ಬನ್ನಿ. ಏಳು ಸಮುದ್ರದಾಚೆಯಿಂದ ಸಹಿ ತರಿಸುವುದು ಹಾರುವುದಕ್ಕಿಂತ ಕಷ್ಟ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ವಿದ್ಯಾರ್ಥಿ ಪರವಾನಗಿ ಬಂದಿದೆ, ಹದಿಮೂರು ಗಂಟೆ ಹಾರಿದ್ದಾಳೆ. ಮುಂದಿನ ವಾರಗಳಲ್ಲಿ ಒಬ್ಬಳೇ ಹಾರಿಸುತ್ತಾರಂತೆ. ಸ್ಕೂಟಿ ಓಡಿಸಲೂ ಪೂರ್ತಿ ಲೈಸೆನ್ಸ್ ಸಿಗದ ವಯಸ್ಸಿನ ಹುಡುಗಿಯನ್ನು ಆಕಾಶಕ್ಕೆ ಒಬ್ಬಳನ್ನೇ ಬಿಡುವುದು ಸರಿಯೇ? ಎಂಜಿನ್ ನಿಂತರೆ ಏನು ಗತಿ? ರಾತ್ರಿ ನಿದ್ದೆ ಬರುತ್ತಿಲ್ಲ.
— ಮಂಡ್ಯದ ತಾಯಿ

ಉತ್ತರ: ಅಮ್ಮಾ, ನಿಮ್ಮ ಭಯ ನ್ಯಾಯವಾದದ್ದು. ಅದಕ್ಕೆ ಧೈರ್ಯದ ಮಾತಿಗಿಂತ ವಿವರವೇ ಒಳ್ಳೆಯ ಮದ್ದು.

ಎಂಜಿನ್ನಿನಿಂದ ಆರಂಭಿಸುತ್ತೇನೆ. ಹಾರುವ ಮುನ್ನ ನಿಮ್ಮ ಮಗಳು ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾಳೆ. ಟ್ಯಾಂಕಿನ ತಳದಲ್ಲಿರುವ ಸಣ್ಣ ಕವಾಟಕ್ಕೆ ಒಂದು ಪಾರದರ್ಶಕ ಬಟ್ಟಲನ್ನು ಒತ್ತಿ ಎರಡು ಬೆರಳು ಎತ್ತರದಷ್ಟು ಇಂಧನ ಹಿಡಿದು, ಅದನ್ನು ಬೆಳಕಿಗೆ ಎತ್ತಿ ನೋಡುತ್ತಾಳೆ. ಅದು ತಿಳಿನೀಲಿ ಬಣ್ಣವಿರಬೇಕು. ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ನೀರು ಹನಿಗಟ್ಟಿದ್ದರೆ ಭಾರವಾದ ಆ ನೀರು ಬಟ್ಟಲಿನ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕುಳಿತು ಕಾಣುತ್ತದೆ; ಕಂಡರೆ ಅದು ಹೋಗುವ ತನಕ ಮತ್ತೆ ಮತ್ತೆ ಹಿಡಿದು ನೋಡಬೇಕು. ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಎರಡು ಕಿಡಿ ಪ್ಲಗ್ಗುಗಳು, ಅವಕ್ಕೆ ವಿದ್ಯುತ್ ಕೊಡುವ ಎರಡು ಸ್ವತಂತ್ರ ಮ್ಯಾಗ್ನೆಟೊಗಳು. ಒಂದು ಕೆಟ್ಟರೂ ಇನ್ನೊಂದರ ಮೇಲೆ ಎಂಜಿನ್ ಓಡುತ್ತದೆ. ರನ್‌ವೇಗೆ ಹೋಗುವ ಮುನ್ನ ಅವಳು ಒಂದೊಂದನ್ನೇ ಆರಿಸಿ, ಎಂಜಿನ್ನಿನ ಸುತ್ತು ಎಷ್ಟು ಇಳಿಯಿತೆಂದು ಮುಳ್ಳನ್ನು ನೋಡಿ ಪರೀಕ್ಷಿಸುತ್ತಾಳೆ. ಮಿತಿಗಿಂತ ಹೆಚ್ಚು ಇಳಿದರೆ ಆ ದಿನ ಹಾರಾಟವಿಲ್ಲ.

ಇಷ್ಟಾದರೂ ಎಂಜಿನ್ ನಿಂತಿತೆನ್ನಿ. ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಎತ್ತುವುದು ರೆಕ್ಕೆ, ಎಂಜಿನ್ನಲ್ಲ. ಅಂಥ ಸಣ್ಣ ವಿಮಾನ ಒಂದು ಪಾಲು ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಪಾಲು ಮುಂದೆ ಜಾರುತ್ತದೆ. 1000 ಅಡಿ ಎತ್ತರದಿಂದ ಎರಡೂವರೆ ಕಿಲೋಮೀಟರಿಗೂ ಮಿಕ್ಕಿ. ಏಕಾಂಗಿ ಹಾರಾಟಕ್ಕೆ ಬಿಡುವ ಮುನ್ನ ಬೋಧಕರು ಎಷ್ಟೋ ಸಲ ಹೇಳದೆ ಕೇಳದೆ ಎಂಜಿನ್ನಿನ ಶಕ್ತಿ ತಗ್ಗಿಸಿ ‘ಈಗ ಎಲ್ಲಿ ಇಳಿಯುತ್ತೀ?’ ಎಂದು ಕೇಳಿರುತ್ತಾರೆ. ನಿಮ್ಮ ಮಗಳನ್ನೇ ಕೇಳಿ ನೋಡಿ, ಅವಳು ಉತ್ತರಿಸುತ್ತಾಳೆ.

ಬೋಧಕರು ಯಾವಾಗ ಬಿಡುತ್ತಾರೆ ಎಂಬುದನ್ನೂ ಹೇಳಬೇಕು. ಹೊಸಬರು ಇಳಿಯುವಾಗ ಮೂತಿಯ ಮುಂದಿನ ನೆಲವನ್ನೇ ನೋಡುತ್ತಾರೆ, ನೆಲ ನುಗ್ಗಿ ಬಂದಂತಾಗಿ ಮೂತಿ ಎತ್ತುವ ನಿಯಂತ್ರಣದ ಹಿಡಿಯನ್ನು ಗಾಬರಿಯಿಂದ ಎಳೆಯುತ್ತಾರೆ, ವಿಮಾನ ಪುಟಿಯುತ್ತದೆ. ಒಂದು ದಿನ ಅವರ ಕಣ್ಣು ತಾನಾಗಿಯೇ ರನ್‌ವೇಯ ಆ ತುದಿಗೆ ಹೋಗುತ್ತದೆ, ಮುಷ್ಟಿ ಸಡಿಲಿ ಎರಡು ಬೆರಳು–ಹೆಬ್ಬೆರಳಿನ ಹಿಡಿತವಾಗುತ್ತದೆ. ಅದು ಒಂದು ಗುರುತು. ಅದಕ್ಕಿಂತ ದೊಡ್ಡ ಗುರುತೆಂದರೆ, ಇಳಿಯುವುದು ಸರಿಬರುತ್ತಿಲ್ಲವೆನಿಸಿದಾಗ ನಾವು ಹೇಳುವ ಮೊದಲೇ ಪೂರ್ಣ ಶಕ್ತಿ ಕೊಟ್ಟು ಮತ್ತೆ ಮೇಲೇರುವುದು. ಚೆಂದವಾಗಿ ಇಳಿಸುವ ವಿದ್ಯಾರ್ಥಿಗಳನ್ನು ನಾನು ಕಾಯಿಸಿದ್ದೇನೆ. ತಾವಾಗಿಯೇ ‘ಇದು ಬೇಡ’ ಎಂದು ಮೇಲೇರಿದವರನ್ನು ಮಾರನೆಯ ದಿನವೇ ಒಬ್ಬರನ್ನೇ ಬಿಟ್ಟಿದ್ದೇನೆ. ಹದಿಮೂರು ಗಂಟೆಗೆ ಆಗದಿದ್ದರೆ ಇಪ್ಪತ್ತಕ್ಕೆ ಆಗುತ್ತದೆ. ‘ಯಾವಾಗ ಬಿಡುತ್ತಾರೆ’ ಎಂದು ಮನೆಯಲ್ಲಿ ದಿನವೂ ಕೇಳಬೇಡಿ. ಆ ಪ್ರಶ್ನೆಯ ಭಾರವನ್ನು ಹೊತ್ತುಕೊಂಡು ಅವಳು ವಿಮಾನ ಹತ್ತಬಾರದು.

ಹೆಣ್ಣುಮಗು ಎಂಬ ಮಾತನ್ನು ನೀವು ಬರೆದಿಲ್ಲ, ಅಕ್ಕಪಕ್ಕದವರು ಆಡಿಯಾರು. ಮೈಸೂರು ಮಹಾರಾಜರ ಕಾಲದಲ್ಲಿ ಆರಂಭವಾದ ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆಯಿಂದ 1949ರಲ್ಲೇ ಉಷಾ ಸುಂದರಂ ಎಂಬ ಹೆಣ್ಣುಮಗಳು ಪೈಲಟ್ ಆಗಿ ಹೊರಬಂದರೆಂದು ಅವರಿಗೆ ತಿಳಿಸಿ.

ಮೊದಲ ಏಕಾಂಗಿ ಹಾರಾಟವೆಂದರೆ ದೂರ ಹೋಗುವುದಲ್ಲ. ನಿಲ್ದಾಣದ ಸುತ್ತ ಒಂದೇ ಒಂದು ಸುತ್ತು: ಏರುವುದು, ಸಾವಿರ ಅಡಿಯ ಆಸುಪಾಸಿನಲ್ಲಿ ರನ್‌ವೇಗೆ ಸಮಾನಾಂತರವಾಗಿ ಹಿಂದಿರುಗುವುದು, ತಿರುಗುವುದು, ಇಳಿಯುವುದು. ಬೋಧಕರು ಕೆಳಗೆ ರೇಡಿಯೊ ಹಿಡಿದು ನಿಂತಿರುತ್ತಾರೆ. ಬೋಧಕರ ಎಪ್ಪತ್ತು–ಎಂಬತ್ತು ಕಿಲೋ ಭಾರ ಇಳಿದಿರುವುದರಿಂದ ವಿಮಾನ ಅಂದು ಬೇಗ ನೆಲ ಬಿಡುತ್ತದೆ, ಬೇಗ ಏರುತ್ತದೆ. ಇದನ್ನು ಅವಳಿಗೆ ಮೊದಲೇ ಹೇಳಿರುತ್ತಾರೆ. ಸಾಧ್ಯವಾದರೆ ಆ ಬೆಳಗ್ಗೆ ನೀವೂ ಹೋಗಿ ಬೇಲಿಯ ಹತ್ತಿರ ನಿಲ್ಲಿ, ಅವಳಿಗೆ ಮುಂಚಿತವಾಗಿ ಹೇಳಬೇಡಿ. ಗಡಿಯಾರ ನೋಡಿಕೊಳ್ಳಿ: ಚಕ್ರ ನೆಲ ಬಿಟ್ಟಲ್ಲಿಂದ ಮತ್ತೆ ನೆಲ ಮುಟ್ಟುವ ತನಕ ಆರೇಳು ನಿಮಿಷ.